ಸೈಗಾನ್‌ನ ಬೀದಿ ತಿಂಡಿ: ಗೈಡ್ ಬೈಕ್ ಹತ್ತುವ ಮೊದಲು, ಹತ್ತಿದ ಮೇಲೆ

ವಿಯೆಟ್ನಾಮಿನ ಈ ನಗರಕ್ಕೆ ಹೋ ಚಿ ಮಿನ್ ಸಿಟಿ ಎಂಬ ಹೆಸರು ಬಂದದ್ದು 1976ರಲ್ಲಿ. ಊರಿನವರ ಬಾಯಲ್ಲಿ ಅದು ಇವತ್ತಿಗೂ ಸೈಗಾನ್. ಇಲ್ಲಿನ ಒಳ್ಳೆಯ ತಿಂಡಿ ಮುಖ್ಯರಸ್ತೆಯಲ್ಲಿ ಸಿಗುವುದು ಕಡಿಮೆ. ಅದು ಇರುವುದು ‘ಹೆಮ್’ ಎಂದು ಕರೆಯುವ ಗಲ್ಲಿಗಳ ಒಳಗೆ, ಮನೆಯ ಮುಂದಿನ ಜಾಗದಲ್ಲೇ ಒಲೆ ಹೂಡಿ ನಾಲ್ಕು ಪ್ಲಾಸ್ಟಿಕ್ ಸ್ಟೂಲು ಹಾಕಿದ ಕಡೆ. ಇಲ್ಲಿನ ವಿಳಾಸ ಓದುವುದಕ್ಕೂ ಒಂದು ಕ್ರಮವಿದೆ. 51/10/14 ಎಂದು ಬರೆದಿದ್ದರೆ, 51ನೇ ನಂಬರಿನ ಪಕ್ಕದ ಗಲ್ಲಿ ಹೊಕ್ಕು, 10ರ ಹತ್ತಿರ ಕವಲೊಡೆಯುವ ಇನ್ನೊಂದು ಗಲ್ಲಿಗೆ ತಿರುಗಿ, ಅಲ್ಲಿ 14ನೇ ಮನೆ ಹುಡುಕಬೇಕು. ಅಲ್ಲಿಗೆ ಕಾರು ಹೋಗುವುದಿಲ್ಲ. ನಡೆದು ಹೋಗೋಣವೆಂದರೆ ಒಂದು ತಿಂಡಿಗೂ ಇನ್ನೊಂದಕ್ಕೂ ನಡುವೆ ಮೂರು ನಾಲ್ಕು ಕಿಲೋಮೀಟರ್. ಹೀಗಾಗಿ ಸಂಜೆ ಒಬ್ಬ ಗೈಡ್‌ನ ಬೈಕಿನ ಹಿಂದೆ ಕೂತು ಐದಾರು ಕಡೆ ತಿಂದು ಬರುವ ಪದ್ಧತಿ ಈ ಊರಿಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಆ ಸಂಜೆ ಚೆನ್ನಾಗಿ ಕಳೆಯುವುದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ಬೈಕ್ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ನೀವು ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂಬುದನ್ನು ಗೈಡ್‌ಗೆ ಬಿಡಿಸಿ ಹೇಳಿದ್ದೀರಾ ಎನ್ನುವುದೇ ಮುಖ್ಯ. ಕನ್ನಡದ ಮನೆಗಳಿಂದ ಹೋಗುವವರಲ್ಲಿ ಸಸ್ಯಾಹಾರಿಗಳು, ಮೊಟ್ಟೆ ಮಾತ್ರ ತಿನ್ನುವವರು, ಕೋಳಿ ಮೀನು ತಿಂದು ದನ ಹಂದಿ ಮುಟ್ಟದವರು, ಎಲ್ಲವನ್ನೂ ತಿನ್ನುವವರು ಒಂದೇ ಗುಂಪಿನಲ್ಲಿರುವುದು ಮಾಮೂಲು. ಆದ್ದರಿಂದ ಈ ಬರಹದಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಬೈಕ್ ಬಾಡಿಗೆಗೆ ತೆಗೆದುಕೊಂಡು ನಾವೇ ಓಡಿಸಬಾರದೇ?

ಬೇಡ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀಲಿಕೈ ಕೊಟ್ಟುಬಿಡುತ್ತಾರೆ ನಿಜ. ಆದರೆ ಅಪಘಾತವಾದರೆ ಮಾನ್ಯ ಪರವಾನಗಿ ಇರಲಿಲ್ಲವೆಂದು ಪ್ರಯಾಣ ವಿಮೆಯವರು ಕೈಚೆಲ್ಲುತ್ತಾರೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬೈಕ್ ಓಡಿಸಿದ ಕೈಯೇ ತಿರುವಿನಲ್ಲಿ ತಪ್ಪು ಕಡೆಗೆ ಎಳೆಯುವುದು. ತಿನ್ನಲು ಹೋದವರು ಹಿಂದಿನ ಸೀಟಿನಲ್ಲಿ ಕೂರುವುದೇ ಸರಿ.

ಬುಕ್ ಮಾಡುವಾಗ ಕೇಳಬೇಕಾದದ್ದು

ಸಂಜೆಯ ಸುತ್ತು ಸಾಮಾನ್ಯವಾಗಿ ನಾಲ್ಕು ಗಂಟೆಯದು, ಐದಾರು ನಿಲುಗಡೆ, ಒಟ್ಟು ಹದಿನೈದು ಕಿಲೋಮೀಟರ್ ಆಸುಪಾಸು. ದರದಲ್ಲಿ ತಿಂಡಿಯ ಖರ್ಚು ಸೇರಿದೆಯೇ, ಪಾನೀಯ ಸೇರಿದೆಯೇ, ಹೋಟೆಲಿನಿಂದ ಕರೆದೊಯ್ದು ಅಲ್ಲಿಗೇ ಬಿಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ.

ಒಬ್ಬ ಅತಿಥಿಗೆ ಒಂದು ಬೈಕ್ ಇರಬೇಕು. ದೊಡ್ಡವರಿಬ್ಬರನ್ನು ಒಂದೇ ಬೈಕಿನ ಹಿಂದೆ ಕೂರಿಸುವುದು ಅಲ್ಲಿನ ಕಾನೂನಿಗೆ ವಿರುದ್ಧ. ಗಂಡ ಹೆಂಡತಿ ಹೋದರೆ ಎರಡು ಬೈಕ್, ಇಬ್ಬರು ಚಾಲಕರು. ಮಕ್ಕಳಿದ್ದರೆ ವಯಸ್ಸು ಮೊದಲೇ ತಿಳಿಸಿ, ಮಗುವಿನ ಅಳತೆಯ ಹೆಲ್ಮೆಟ್ ಇದೆಯೇ ಎಂದು ವಿಚಾರಿಸಿ. ಹಿಂದೆ ಕೂರುವವರಿಗೂ ವಿಮೆ ಅನ್ವಯಿಸುತ್ತದೆಯೇ ಕೇಳಿ. ಹೆಣ್ಣುಮಕ್ಕಳು ಒಂಟಿಯಾಗಿ ಹೋಗುವುದಾದರೆ ಮಹಿಳಾ ಚಾಲಕರೇ ಬೇಕೆಂದು ಕೇಳಬಹುದು. ಅಂಥ ತಂಡಗಳು ಸೈಗಾನ್‌ನಲ್ಲಿ ಸಾಕಷ್ಟಿವೆ, ಕೇಳುವುದರಲ್ಲಿ ಸಂಕೋಚ ಬೇಡ. ಗುಂಪು ಎಂಟು ಜನಕ್ಕಿಂತ ದೊಡ್ಡದಾದರೆ ಗಲ್ಲಿಯ ಅಂಗಡಿಗಳಲ್ಲಿ ಕೂರಲು ಜಾಗ ಸಾಲದು. ಆಗ ಗೈಡ್ ನಿಮ್ಮನ್ನು ದೊಡ್ಡ ಹೋಟೆಲಿಗೆ ಒಯ್ಯುತ್ತಾನೆ, ಬೈಕ್ ಹತ್ತಿದ ಉದ್ದೇಶವೇ ಅಲ್ಲಿಗೆ ತಪ್ಪಿತು. ನಾಲ್ಕು ಜನ ಹಿತ.

ಮೊಣಕಾಲು ನೋವಿನ ಹಿರಿಯರಿದ್ದರೆ ಅದನ್ನೂ ಹೇಳಿಬಿಡಿ. ಬೀದಿ ಅಂಗಡಿಯ ಸ್ಟೂಲು ನಮ್ಮ ಬಚ್ಚಲಿನ ಮಣೆಗಿಂತ ಸ್ವಲ್ಪವೇ ಎತ್ತರ. ಎತ್ತರದ ಕುರ್ಚಿ ಇರುವ ಅಂಗಡಿಗಳೂ ಇವೆ, ಮೊದಲೇ ತಿಳಿದಿದ್ದರೆ ಗೈಡ್ ಆ ದಾರಿ ಹಿಡಿಯುತ್ತಾನೆ.

ಇನ್ನೊಂದು ಮಾತು. 2025ರ ಜುಲೈ 1ರಿಂದ ನಗರದ ‘ಡಿಸ್ಟ್ರಿಕ್ಟ್’ಗಳು ಆಡಳಿತದ ಲೆಕ್ಕದಲ್ಲಿ ಇಲ್ಲ, ವಾರ್ಡುಗಳು ಮಾತ್ರ ಇವೆ. ಆದರೆ ಗೈಡ್‌ಗಳು, ಅಂಗಡಿಯವರು, ಆಟೊ ಆ್ಯಪುಗಳ ಚಾಲಕರು ಈಗಲೂ ಡಿಸ್ಟ್ರಿಕ್ಟ್ 1, 3, 4, 5, 10 ಎಂದೇ ಹೇಳುತ್ತಾರೆ. ಕೆಳಗೆ ಅದೇ ಹಳೆಯ ಲೆಕ್ಕ ಬಳಸಿದೆ.

‘ವೆಜ್’ ಎಂದರೆ ಸಾಲದು

ವಿಯೆಟ್ನಾಮಿನ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಇರುವುದು ನುಅಕ್ ಮಮ್. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ ಅದು. ಬರೀ ತರಕಾರಿ ಹುರಿದ ತಟ್ಟೆಯಲ್ಲೂ ಅದಿರುತ್ತದೆ. ಮಾಂಸದ ತುಂಡು ಕಾಣದಿದ್ದರೆ ಅಲ್ಲಿನವರ ಮಟ್ಟಿಗೆ ಅದು ತರಕಾರಿ ಅಡುಗೆಯೇ. ಇದು ಮೋಸವಲ್ಲ, ಲೆಕ್ಕವೇ ಬೇರೆ. ಹಾಗಾಗಿ ‘ನೋ ಮೀಟ್’ ಎಂದು ಹೇಳಿದವರ ತಟ್ಟೆಗೆ ಮೀನಿನ ರಸ, ಒಣ ಸೀಗಡಿ ಪುಡಿ, ಹಂದಿ ಮೂಳೆಯ ಸಾರಿನಿಂದ ಮಾಡಿದ ‘ಹತ್ ನೇಮ್’ ಎಂಬ ಮಸಾಲೆ ಹರಳು, ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಬಾಡಿಸಿದ ಈರುಳ್ಳಿ ಸೊಪ್ಪು, ಇಷ್ಟೂ ಬಂದು ಬೀಳುತ್ತವೆ. ಫೋ, ಹು ತಿಯೂ ಮುಂತಾದ ನೂಡಲ್ಸ್ ಸಾರುಗಳೆಲ್ಲ ಮೂಳೆ ಕುದಿಸಿದ ನೀರಿನವು. ಮಾಂಸ ತೆಗೆದು ಕೊಡಿ ಎಂದರೂ ಸಾರು ಅದೇ.

ಬಳಸಬೇಕಾದ ಮಾತು ‘ಚಯ್’. ಬೌದ್ಧ ಸಸ್ಯಾಹಾರಕ್ಕೆ ಅಲ್ಲಿ ಇರುವ ಹೆಸರು ಅದು. ‘ಅನ್ ಚಯ್’ ಎಂದರೆ ಚಯ್ ಊಟ ಮಾಡುವುದು. ಇದರಲ್ಲಿ ಮಾಂಸ, ಮೀನು, ಮೀನಿನ ರಸ ಇಲ್ಲ. ಗುಡಿಯ ಪದ್ಧತಿಯಲ್ಲಿ ಮಾಡುವ ಕಡೆ ಮೊಟ್ಟೆಯೂ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಹೀಗಾಗಿ ಜೈನರಿಗೂ, ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರಿಗೂ ಈ ಊರಿನಲ್ಲಿ ದಾರಿಯಿದೆ, ಒಂದು ಮಾತು ಕೇಳಿ ಖಚಿತ ಮಾಡಿಕೊಂಡರೆ ಆಯಿತು. ಆದರೆ ಈ ಪದವನ್ನು ಬಾಯಲ್ಲಿ ಹೇಳುವುದನ್ನೇ ನಂಬಬೇಡಿ. ರಾಗ ತಪ್ಪಿದರೆ ಅದೇ ಪದ ಓಡು, ಸುಟ್ಟುಹೋಗು, ಹರಿ, ಒನಕೆ ಎಂಬ ಅರ್ಥಗಳಿಗೆ ಹೊರಳುತ್ತದೆ. ರೋಮನ್ ಲಿಪಿಯಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ, ಮೇಲೆ ಕೆಳಗೆ ಯಾವ ಗುರುತೂ ಇಲ್ಲದೆ. ಬೋರ್ಡಿನ ಮೇಲೆ ಇದು ಕಂಡರೆ ಸಸ್ಯಾಹಾರಿ ಅಂಗಡಿ.

ಬುಕ್ ಮಾಡುವಾಗಲೇ ಗೈಡ್‌ಗೆ ಕಳಿಸುವ ಸಂದೇಶ ಹೀಗೆ ಬಿಡಿಬಿಡಿಯಾಗಿರಲಿ: ಮಾಂಸ ಇಲ್ಲ, ಮೀನು ಸೀಗಡಿ ಇಲ್ಲ, ನುಅಕ್ ಮಮ್ ಇಲ್ಲ, ಮೂಳೆ ಸಾರು ಇಲ್ಲ, ಹತ್ ನೇಮ್ ಇಲ್ಲ, ಪ್ರಾಣಿ ಕೊಬ್ಬು ಇಲ್ಲ, ಮೊಟ್ಟೆ ಪರವಾಗಿಲ್ಲ ಅಥವಾ ಬೇಡ. ಅದನ್ನು ವಿಯೆಟ್ನಾಮೀ ಭಾಷೆಯಲ್ಲಿ ಬರೆದು ವಾಪಸ್ ಕಳಿಸಲು ಹೇಳಿ ಫೋನಿನಲ್ಲಿ ಇಟ್ಟುಕೊಳ್ಳಿ. ಆಮೇಲಿನ ದಿನಗಳಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಒಂದೇ ಕಾವಲಿ, ಒಂದೇ ಕತ್ತರಿಸುವ ಹಲಗೆ ಎಂಬುದೂ ನಿಮಗೆ ಸಲ್ಲದಿದ್ದರೆ ಮಾಮೂಲಿ ಬೀದಿ ಅಂಗಡಿಗಳ ಸುತ್ತು ನಿಮಗಲ್ಲ. ಪೂರ್ತಿ ಚಯ್ ಅಂಗಡಿಗಳದ್ದೇ ಸುತ್ತು ಕೇಳಿ, ಈಗ ಅದನ್ನು ಮಾಡಿಸುವವರಿದ್ದಾರೆ. ಗುಂಪಿನಲ್ಲಿ ಒಬ್ಬರು ಸಸ್ಯಾಹಾರಿ, ಮೂವರು ಅಲ್ಲ ಎಂದಾದರೆ ಆ ಒಬ್ಬರಿಗೆ ಕಾದು ಕೂರುವ ಸರದಿ ಬರುತ್ತದೆ. ಪ್ರತಿ ನಿಲುಗಡೆಯಲ್ಲೂ ಅವರಿಗೆ ಏನು ಸಿಗುತ್ತದೆ ಎಂದು ಗೈಡ್‌ನಿಂದ ಮೊದಲೇ ಪಟ್ಟಿ ಪಡೆಯಿರಿ.

ಚಯ್ ತಿಂಡಿಗೆ ಒಳ್ಳೆಯ ದಿನಗಳೂ ಇವೆ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಬಹಳಷ್ಟು ಜನ ಮಾಂಸ ಬಿಡುತ್ತಾರೆ. ಬೇರೆ ದಿನ ಹಂದಿ ಮಾಂಸ ಮಾರುವ ಕೆಲವು ಗಾಡಿಗಳೂ ಆ ದಿನ ಚಯ್ ಮಾಡುತ್ತವೆ. ಆ ದಿನಗಳು ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿಗೆ ಬರುತ್ತವೆ. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿಕೊಳ್ಳಬಹುದು.

ಮಾಂಸ ತಿನ್ನುವವರು ‘ಬೊ’ ಎಂದರೆ ದನ, ‘ಹೇಓ’ ಎಂದರೆ ಹಂದಿ, ‘ಗಾ’ ಎಂದರೆ ಕೋಳಿ, ‘ತೋಮ್’ ಎಂದರೆ ಸೀಗಡಿ, ‘ಕಾ’ ಎಂದರೆ ಮೀನು ಎಂದು ತಿಳಿದಿರಲಿ. ಹಂದಿ ಬೇಡದವರು ಬ್ರೆಡ್ಡಿಗೆ ಸವರುವ ಪಾತೆಯನ್ನೂ ಬೇಡವೆನ್ನಬೇಕು, ಅದು ಸಾಮಾನ್ಯವಾಗಿ ಹಂದಿಯ ಪಿತ್ತಜನಕಾಂಗದ್ದು. ಕಡಲೆಕಾಯಿ ಆಗದವರು ಪ್ರತಿ ಅಂಗಡಿಯಲ್ಲೂ ಹೇಳಲೇಬೇಕು. ಹುರಿದು ಕುಟ್ಟಿದ ಕಡಲೆಕಾಯಿ ಬೀಳದ ತಟ್ಟೆ ಅಲ್ಲಿ ಅಪರೂಪ.

ಯಾವಾಗ ಹೊರಡಬೇಕು

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಮೇ ತಿಂಗಳಿಂದ ನವೆಂಬರ್‌ವರೆಗೆ ಮಧ್ಯಾಹ್ನ ಅಥವಾ ಸಂಜೆ ಧೋ ಎಂದು ಸುರಿದು ಗಂಟೆಯೊಳಗೆ ನಿಲ್ಲುವ ಮಳೆ. ಮಳೆಗಾಲವೆಂದು ಪ್ರವಾಸ ಬಿಡಬೇಕಿಲ್ಲ, ಒಂದು ಗಂಟೆ ಹೆಚ್ಚು ಇಟ್ಟುಕೊಂಡರೆ ಸಾಕು. ಬಿಡಬೇಕಾದದ್ದು ಅಲ್ಲಿನ ಚಾಂದ್ರಮಾನ ಹೊಸ ವರ್ಷವಾದ ಟೆಟ್ ಹಬ್ಬದ ವಾರ. 2026ರಲ್ಲಿ ಅದು ಫೆಬ್ರುವರಿ 17, 2027ರಲ್ಲಿ ಫೆಬ್ರುವರಿ 6. ಆಗ ಅಡುಗೆಯವರೆಲ್ಲ ಊರಿಗೆ ಹೋಗಿರುತ್ತಾರೆ, ಗಲ್ಲಿಗಳು ಖಾಲಿ.

ಸಂಜೆ ಐದರಿಂದ ಏಳರವರೆಗೆ ಕಚೇರಿ ಬಿಟ್ಟ ಬೈಕುಗಳ ಹೊಳೆ. ಆರಕ್ಕೆ ಹೊರಟು ಮೊದಲ ನಿಲುಗಡೆ ಹತ್ತಿರದಲ್ಲೇ ಇಟ್ಟುಕೊಂಡರೆ, ತಿಂದು ಏಳುವಷ್ಟರಲ್ಲಿ ರಸ್ತೆ ಸಡಿಲವಾಗಿರುತ್ತದೆ. ಮಧ್ಯಾಹ್ನದ ಊಟ ಹನ್ನೆರಡಕ್ಕೆ ಮುಗಿಸಿ, ಆಮೇಲೆ ಏನೂ ತಿನ್ನಬೇಡಿ.

ಉಡುಪು, ಹತ್ತುವುದು, ಕೂರುವುದು

ಕಾಲು ಮುಚ್ಚುವ ಪ್ಯಾಂಟ್, ಹಿಂಬದಿ ಪಟ್ಟಿ ಇರುವ ಚಪ್ಪಲಿ ಅಥವಾ ಶೂ. ಸೀರೆ, ಪಂಚೆ, ಉದ್ದ ದುಪಟ್ಟಾ ಬೇಡವೇ ಬೇಡ, ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಒಂದೇ ಬದಿಗೆ ಕಾಲು ಹಾಕಿ ಕೂರುವುದೂ ಬೇಡ. ಅಲ್ಲಿನ ಗಲ್ಲಿಗಳ ಅಗಲಕ್ಕೆ ನಿಮ್ಮ ಮೊಣಕಾಲು ಗೋಡೆಗೆ ತಾಗುತ್ತದೆ.

ಹೆಲ್ಮೆಟ್ 2007ರ ಡಿಸೆಂಬರ್ 15ರಿಂದ ಹಿಂದೆ ಕೂರುವವರಿಗೂ ಕಡ್ಡಾಯ. ಕೊಟ್ಟ ಹೆಲ್ಮೆಟ್ಟಿನ ಮೇಲೆ ‘ಸಿಆರ್’ ಮುದ್ರೆ ಇದೆಯೇ ನೋಡಿ, ಅದು ಅಲ್ಲಿನ ಗುಣಮಟ್ಟದ ಗುರುತು. ಪಟ್ಟಿ ಬಿಗಿದ ಮೇಲೆ ಗದ್ದದ ಕೆಳಗೆ ಎರಡು ಬೆರಳಷ್ಟು ಮಾತ್ರ ಸಡಿಲ ಇರಲಿ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ತಾನೇ ತಿರುಗಿದರೆ ಬೇರೆಯದು ಕೇಳಿ. ಹತ್ತಾರು ಜನ ಹಾಕಿದ ಹೆಲ್ಮೆಟ್ ಎನಿಸಿದರೆ ಒಳಗೆ ಒಂದು ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ.

ಹತ್ತುವುದೂ ಇಳಿಯುವುದೂ ಎಡಗಡೆಯಿಂದ. ಸೈಲೆನ್ಸರ್ ಬಲಕ್ಕಿರುತ್ತದೆ. ಅರ್ಧ ಚಡ್ಡಿ ಹಾಕಿಕೊಂಡು ಬಲಕ್ಕೆ ಇಳಿದವರ ಮೀನಖಂಡದ ಒಳಬದಿಯಲ್ಲಿ ಮೊಟ್ಟೆಯಾಕಾರದ ಸುಟ್ಟ ಗುಳ್ಳೆ ಏಳುತ್ತದೆ, ಮತ್ತೆ ಪ್ರವಾಸ ಮುಗಿಯುವ ತನಕ ಅದರದ್ದೇ ಆರೈಕೆ. ಸುಟ್ಟರೆ ಕೂಡಲೇ ಹತ್ತಿಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಅಂಗಡಿಯವರು ಪ್ರೀತಿಯಿಂದ ಟೂತ್‌ಪೇಸ್ಟ್ ತಂದುಕೊಟ್ಟರೆ ಹಚ್ಚಬೇಡಿ.

ಪಾದ ಇಡುವ ಕಡ್ಡಿ ಮಡಚಿಕೊಂಡಿರುತ್ತದೆ, ಬಿಚ್ಚಿದ್ದಾರೆಯೇ ನೋಡಿ ಕೂರಿ. ಒಂದು ಕೈ ಸೀಟಿನ ಹಿಂದಿನ ಹಿಡಿಕೆಯ ಮೇಲೆ ಇರಲಿ, ಮೊಣಕಾಲು ಚಾಲಕರ ಸೊಂಟದ ಕಡೆಗೆ ಒತ್ತಿರಲಿ. ಸಿಗ್ನಲ್ಲಿನಲ್ಲಿ ಪಾದ ಕೆಳಗಿಡಬೇಡಿ, ಪಕ್ಕದ ಬೈಕು ಒಂದು ಗೇಣು ದೂರದಲ್ಲಿರುತ್ತದೆ. ತಿರುವಿನಲ್ಲಿ ಬೈಕ್ ವಾಲಿದ ಕಡೆಗೇ ಮೈ ಬಿಡಿ. ಹೆದರಿ ಎದುರು ದಿಕ್ಕಿಗೆ ವಾಲಿದರೆ ಚಾಲಕರ ತೂಕದ ಲೆಕ್ಕ ತಪ್ಪುತ್ತದೆ. ಸುತ್ತಲಿನ ಬೈಕುಗಳು ನಿಲ್ಲದೆ ಒಂದರ ಪಕ್ಕ ಒಂದು ಸರಿದುಹೋಗುವುದು ಮೊದಲ ಐದು ನಿಮಿಷ ದಿಗಿಲು ಹುಟ್ಟಿಸುತ್ತದೆ. ಯಾರ ವೇಗವೂ ಹೆಚ್ಚಿರುವುದಿಲ್ಲ, ಅದರಿಂದಲೇ ಅದು ನಡೆಯುತ್ತದೆ.

ಓಡುವ ಬೈಕಿನಿಂದ ಫೋನಿನಲ್ಲಿ ವಿಡಿಯೊ ಮಾಡಬೇಡಿ. ಪಕ್ಕದಿಂದ ಬಂದ ಬೈಕಿನವರು ಕಿತ್ತುಕೊಂಡು ಹೋಗುವುದು ಈ ನಗರದ ಹಳೆಯ ಪಿಡುಗು. ಚೀಲದ ಪಟ್ಟಿ ಅಡ್ಡಡ್ಡ ಹಾಕಿ, ಚೀಲ ನಿಮ್ಮ ಹೊಟ್ಟೆಗೂ ಚಾಲಕರ ಬೆನ್ನಿಗೂ ನಡುವೆ ಇರಲಿ. ಮಳೆ ಬಂದಾಗ ಕೊಡುವ ಜೋಲು ರೇನ್‌ಕೋಟಿನ ಅಂಚನ್ನು ತೊಡೆಯ ಕೆಳಗೆ ಒತ್ತಿ ಕೂರಿ, ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುವುದು ಅದೇ.

ಚಾಲಕರು ಒಂದು ಗುಟುಕು ಬಿಯರ್ ಕುಡಿದರೂ ಮತ್ತೆ ಆ ಬೈಕ್ ಹತ್ತಬೇಡಿ. 2020ರಿಂದ ಅಲ್ಲಿ ವಾಹನ ಓಡಿಸುವವರ ಉಸಿರಿನಲ್ಲಿ ಮದ್ಯದ ಅಂಶ ಸೊನ್ನೆ ಇರಬೇಕು. ನೀವು ಆದರಕ್ಕೆಂದು ಚಾಲಕರಿಗೆ ಗ್ಲಾಸು ಚಾಚುವುದೂ ತಪ್ಪು.

ಒಂದು ಸಂಜೆಯ ದಾರಿ

ಡಿಸ್ಟ್ರಿಕ್ಟ್ 1ರಲ್ಲಿ ಬೆನ್ ಥಾನ್ ಮಾರುಕಟ್ಟೆಯ ಸುತ್ತ ಉಳಿದುಕೊಂಡಿದ್ದರೆ ಟ್ರುಅಂಗ್ ದಿನ್ ಬೀದಿಯ ಮಾರಿಯಮ್ಮನ ಗುಡಿಯ ಮುಂದೆ ಸೇರಲು ಹೇಳಬಹುದು. 19ನೇ ಶತಮಾನದ ಕೊನೆಯಲ್ಲಿ ತಮಿಳು ವ್ಯಾಪಾರಿಗಳು ಕಟ್ಟಿದ ಗುಡಿ, ಗೈಡ್‌ಗಳಿಗೆಲ್ಲ ಗೊತ್ತು. ಅಲ್ಲಿಂದ ಡಿಸ್ಟ್ರಿಕ್ಟ್ 3, 10, 5 ಮುಟ್ಟಿ ಕೊನೆಗೆ 4ಕ್ಕೆ ಬರುವುದು ಅನುಕೂಲದ ಸುತ್ತು.

ಮೊದಲು ಬಾನ್ ಸೆಯೊ ತಿನ್ನಿ. ಡಿಸ್ಟ್ರಿಕ್ಟ್ 1ರ ಅಂಚಿನ ದಿನ್ ಕಾಂಗ್ ಟ್ರಾಂಗ್ ಬೀದಿ ಇದಕ್ಕೆ ಹೆಸರಾದದ್ದು. ‘ಸೆಯೊ’ ಎಂಬುದು ಕಾದ ಕಾವಲಿಗೆ ಹಿಟ್ಟು ಬಿದ್ದಾಗಿನ ಸದ್ದು, ನಮ್ಮ ‘ಚುಂಯ್’ ಇದ್ದಂತೆ. ಒಲೆಯ ಹತ್ತಿರದ ಸ್ಟೂಲು ಹಿಡಿದು ನೋಡಿ. ಅಕ್ಕಿ ಹಿಟ್ಟು, ಅರಿಸಿನ, ತೆಂಗಿನ ಹಾಲು, ಹೆಚ್ಚಿದ ಈರುಳ್ಳಿ ಸೊಪ್ಪು. ಹುಳಿ ಬರಿಸುವುದಿಲ್ಲ, ನಮ್ಮ ನೀರುದೋಸೆಯಷ್ಟೇ ತೆಳು. ಹಳದಿ ಬಣ್ಣ ನೋಡಿ ಮೊಟ್ಟೆ ಎಂದುಕೊಳ್ಳುವವರು ಬಹಳ, ಅದು ಅರಿಸಿನದ್ದು. ಬಾಣಲೆಗೆ ಎಣ್ಣೆ ಧಾರಾಳವಾಗಿ ಬಿಟ್ಟು, ಹಂದಿ ಮಾಂಸ ಸೀಗಡಿ ಹಾಕಿ ಅದರ ಮೇಲೆ ಹಿಟ್ಟು ಸುರಿದು ಬಾಣಲೆಯನ್ನೇ ತಿರುಗಿಸುತ್ತಾರೆ. ಮೊಳಕೆ ಕಾಳು, ಬೆಂದ ಹೆಸರುಬೇಳೆ ಹಾಕಿ ಮುಚ್ಚಳ ಮುಚ್ಚುತ್ತಾರೆ. ಮುಚ್ಚಳ ತೆಗೆದ ಮೇಲೆ ಅಂಚು ಗರಿಯಾಗಿ ತಾನೇ ಮೇಲೇಳುವ ತನಕ ಕಾಯುತ್ತಾರೆ, ಆಮೇಲೆ ಅರ್ಧಕ್ಕೆ ಮಡಚಿ ತಟ್ಟೆಗೆ. ಚಯ್ ಅಂಗಡಿಯಲ್ಲಿ ಅಣಬೆ, ತೋಫು ಹಾಕಿದ್ದು ಸಿಗುತ್ತದೆ.

ತಿನ್ನುವ ಕ್ರಮ ಗೊತ್ತಿಲ್ಲದೆ ದೋಸೆಯಂತೆ ಮುರಿದು ತಿಂದರೆ ಎಣ್ಣೆ ಎಣ್ಣೆ ಎನಿಸುತ್ತದೆ. ಅಂಗೈಯಗಲದ ಸಾಸಿವೆ ಎಲೆ ಹಾಸಿ, ಮೇಲೆ ಎರಡು ಮೂರು ಬಗೆಯ ಸೊಪ್ಪು ಇಟ್ಟು, ಒಂದು ತುಂಡು ಬಾನ್ ಸೆಯೊ ಇಟ್ಟು ಬೀಡಾದಂತೆ ಬಿಗಿಯಾಗಿ ಸುತ್ತಿ ಅದ್ದಿ ತಿನ್ನಬೇಕು. ಸಾಸಿವೆ ಎಲೆಯ ಘಾಟು ಎಣ್ಣೆಯ ಜಿಡ್ಡನ್ನು ಕಡಿಯುತ್ತದೆ. ಅದ್ದುವ ನೀರು ಒಂದು ಪಾಲು ಮೀನಿನ ರಸ, ಒಂದು ಪಾಲು ಸಕ್ಕರೆ, ಒಂದು ಪಾಲು ನಿಂಬೆರಸ, ನಾಲ್ಕೈದು ಪಾಲು ನೀರಿನದು, ಮೇಲೆ ಬೆಳ್ಳುಳ್ಳಿ ಮೆಣಸಿನಕಾಯಿ. ಸಸ್ಯಾಹಾರಿಗಳಿಗೆ ಅದರ ಬದಲು ಸೋಯಾ ಸಾಸಿನದು. ಸೊಪ್ಪಿನ ರಾಶಿಯಲ್ಲಿ ಹೃದಯದಾಕಾರದ ಒಂದು ಎಲೆ ಇರುತ್ತದೆ, ‘ಯಿಪ್ ಕಾ’. ಕಚ್ಚಿದರೆ ಹಸಿ ಮೀನಿನ ವಾಸನೆ. ಅದು ಬರೀ ಸೊಪ್ಪು, ಮೀನು ತಾಗಿದ್ದಲ್ಲ. ಗಾಬರಿಯಾಗದೆ ಪಕ್ಕಕ್ಕಿಡಿ. ಇಬ್ಬರಿಗೆ ಒಂದೇ ಬಾನ್ ಸೆಯೊ ಸಾಕು. ಸುತ್ತು ಹಾಳಾಗುವುದು ಹೆಚ್ಚಾಗಿ ಇಲ್ಲೇ, ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡು.

ಎರಡನೆಯದು ಕಮ್ ತಮ್, ಅಂದರೆ ನುಚ್ಚಕ್ಕಿ ಅನ್ನ. ಗಿರಣಿಯಲ್ಲಿ ಮುರಿದು ಉಳಿದ ಅಕ್ಕಿ ಒಂದು ಕಾಲಕ್ಕೆ ಬಡವರ ಊಟ, ಈಗ ಸೈಗಾನ್‌ನ ಹೆಮ್ಮೆ. ನುಚ್ಚು ತಿಂದು ಬೆಳೆದವರಿಗೆ ಆ ಮೆತ್ತನೆಯ ತರಿ ಬಾಯಿಗೆ ಬಿದ್ದ ಕೂಡಲೇ ಗುರುತು ಸಿಗುತ್ತದೆ. ಮೇಲೆ ಕೆಂಡದಲ್ಲಿ ಸುಟ್ಟ ಹಂದಿ ಮಾಂಸ ಬರುತ್ತದೆ. ಹಂದಿ ಬೇಡದವರು ಸುಟ್ಟ ಕೋಳಿ ಅಥವಾ ಬುಲ್ಸ್‌ಐ ಮೊಟ್ಟೆ ಕೇಳಬಹುದು. ಒಂದು ತಟ್ಟೆ ಸುಮಾರು 40,000ದಿಂದ 70,000 ಡಾಂಗ್ (ಅಲ್ಲಿನ ಹಣ). ಬೈಕ್ ಸುತ್ತಿನಲ್ಲಿ ಪೂರ್ತಿ ತಟ್ಟೆ ತಿನ್ನಬೇಡಿ, ನಾಲ್ವರಿಗೆ ಎರಡು ಸಾಕು.

ಅಲ್ಲಿಂದ ಡಿಸ್ಟ್ರಿಕ್ಟ್ 10ರ ಹೋ ತಿ ಕೀ. ಇದು ನಗರದ ದೊಡ್ಡ ಹೂವಿನ ಸಗಟು ಮಾರುಕಟ್ಟೆ, ಪಕ್ಕದ ಗಲ್ಲಿಯೇ ತಿಂಡಿ ಗಲ್ಲಿ. ಕಾಂಬೋಡಿಯದಿಂದ ಮರಳಿದ ವಿಯೆಟ್ನಾಮೀ ಕುಟುಂಬಗಳು ನೆಲೆನಿಂತ ಪ್ರದೇಶವಾದ್ದರಿಂದ ಕಾಂಬೋಡಿಯದ ನೂಡಲ್ಸ್, ಸಿಹಿ ತಿಂಡಿಗಳೂ ಇಲ್ಲಿವೆ. ಇಲ್ಲಿ ಬೈಕ್ ಬಿಟ್ಟು ನಡೆಯಬೇಕು. ಬಾನ್ ಟ್ರಾಂಗ್ ನುಅಂಗ್ ಮಾಡುವುದನ್ನು ನೋಡಿ: ನಮ್ಮ ಹಪ್ಪಳದಂಥ ಅಕ್ಕಿ ಹಾಳೆಯನ್ನು ಕೆಂಡದ ಜಾಲರಿಯ ಮೇಲಿಟ್ಟು, ಮೊಟ್ಟೆ ಒಡೆದು ಚಮಚದ ಬೆನ್ನಿನಿಂದ ಸವರಿ, ಈರುಳ್ಳಿ ಸೊಪ್ಪು ಉದುರಿಸಿ, ಹಾಳೆಯನ್ನು ಬೆರಳಲ್ಲಿ ಬಿಡುವಿಲ್ಲದೆ ತಿರುಗಿಸುತ್ತಾರೆ. ಎರಡು ಸೆಕೆಂಡ್ ನಿಂತರೆ ಸುಟ್ಟು ತೂತು ಬೀಳುತ್ತದೆ. ಮೊಟ್ಟೆ ತಿನ್ನುವವರು ಒಣ ಸೀಗಡಿ, ಮಾಂಸದ ಹುಡಿ ಬೇಡವೆಂದು ಹೇಳಿ ತಿನ್ನಬಹುದು.

ಸಸ್ಯಾಹಾರಿಗಳು ಇಲ್ಲಿ ಹುಡುಕಬೇಕಾದದ್ದು ‘ಚೂಯ್ ನೆಪ್ ನುಅಂಗ್’. ಬಾಳೆಹಣ್ಣನ್ನು ಅಂಟು ಅಕ್ಕಿಯ ಅನ್ನದಲ್ಲಿ ಹುದುಗಿಸಿ, ಬಾಳೆ ಎಲೆ ಸುತ್ತಿ ಕೆಂಡದಲ್ಲಿ ಸುಟ್ಟು, ಕತ್ತರಿಸಿ ಬಿಸಿ ತೆಂಗಿನ ಹಾಲು, ಕಡಲೆಕಾಯಿ, ಎಳ್ಳು ಹಾಕಿ ಕೊಡುತ್ತಾರೆ. ಹೊರಗೆ ಗರಿ, ಒಳಗೆ ಹಣ್ಣು ಜೇನಾಗಿರುತ್ತದೆ. ಇದರಲ್ಲಿ ಬೇಡವೆನ್ನುವಂಥದ್ದು ಏನೂ ಇಲ್ಲ. ‘ಚೆ’ ಎಂಬ ಪಾಯಸದ ಬಗೆಗಳೂ ಹಾಗೆಯೇ, ಹೆಸರುಕಾಳು, ತಾವರೆ ಬೀಜ, ತೆಂಗಿನ ಹಾಲು, ಪುಡಿ ಐಸ್. ಮೊಟ್ಟೆ ಬೇಡದವರು ಮೇಲೆ ಇಡುವ ಕ್ಯಾರಮೆಲ್ ಪುಡ್ಡಿಂಗ್ ತುಂಡನ್ನು ಮಾತ್ರ ಬಿಡಿಸಬೇಕು.

ಡಿಸ್ಟ್ರಿಕ್ಟ್ 5 ಎಂದರೆ ಚೀನೀ ಮೂಲದವರ ಚೋ ಲನ್. ಇಲ್ಲಿ ಬೋತ್ ಚಿಯೆನ್ ಒಂದು ತಟ್ಟೆ ಹಂಚಿಕೊಳ್ಳಿ. ಅಕ್ಕಿ ಹಿಟ್ಟಿನ ಬೆಂದ ಗಟ್ಟಿಯನ್ನು ಚೌಕವಾಗಿ ಕತ್ತರಿಸಿ, ದಪ್ಪ ಕಾವಲಿಯಲ್ಲಿ ಕೆಂಪಗೆ ಹುರಿದು, ಮೊಟ್ಟೆ ಒಡೆದು ಹಾಕಿ, ತುರಿದ ಹಸಿ ಪರಂಗಿ ಜೊತೆ ಕೊಡುತ್ತಾರೆ. ಹುರಿಯುವುದು ಹಂದಿ ಕೊಬ್ಬಿನಲ್ಲೋ ಎಣ್ಣೆಯಲ್ಲೋ ಎಂದು ಗೈಡ್‌ನಿಂದ ಕೇಳಿಸಿ.

ಕೊನೆಗೆ ಕಾಲುವೆ ದಾಟಿ ಡಿಸ್ಟ್ರಿಕ್ಟ್ 4ರ ವಿನ್ ಖಾನ್ ಬೀದಿ. ಉದ್ದಕ್ಕೂ ‘ಓಕ್’ ಅಂಗಡಿಗಳು, ಅಂದರೆ ಬಸವನಹುಳು ಮತ್ತು ಚಿಪ್ಪಿನ ಜೀವಿಗಳು. ಮರುವಾಯಿ ತಿಂದು ಬೆಳೆದ ಕರಾವಳಿಯವರಿಗೆ ಇದು ಹಬ್ಬ. ಆರ್ಡರ್ ಮಾಡುವುದು ಎರಡು ಮಾತಿನಲ್ಲಿ: ಯಾವ ಜೀವಿ, ಯಾವ ಅಡುಗೆ. ಮಜ್ಜಿಗೆಹುಲ್ಲು ಹಾಕಿ ಹಬೆಯಲ್ಲಿ ಬೇಯಿಸಿದ ‘ನ್ಗೇಉ’ ನಮ್ಮ ಮರುವಾಯಿಯದೇ ಜಾತಿ, ಅದರಿಂದ ಶುರುಮಾಡಿ. ತೆಂಗಿನ ಹಾಲಿನಲ್ಲಿ ಮಾಡುವ ‘ಓಕ್ ಲೆನ್’ನ ಬಾಲದ ತುದಿ ಕತ್ತರಿಸಿರುತ್ತದೆ, ಬಾಯಿಯ ಕಡೆಯಿಂದ ಜೋರಾಗಿ ಹೀರಿದರೆ ಮಾಂಸ ಬರುತ್ತದೆ. ಉಳಿದವಕ್ಕೆ ಸಣ್ಣ ಕಡ್ಡಿ ಕೊಡುತ್ತಾರೆ, ಚುಚ್ಚಿ ಸುರುಳಿ ತಿರುಗಿದ ದಿಕ್ಕಿಗೇ ತಿರುಗಿಸಿ ಎಳೆಯಬೇಕು. ನೇರ ಎಳೆದರೆ ಅರ್ಧಕ್ಕೆ ಹರಿಯುತ್ತದೆ. ಮುಚ್ಚಿಕೊಂಡೇ ಉಳಿದ ಚಿಪ್ಪನ್ನು ಬಲವಂತವಾಗಿ ಬಿಡಿಸಿ ತಿನ್ನಬೇಡಿ. ತೂಕದ ಲೆಕ್ಕದಲ್ಲಿ ಮಾರುವ ದೊಡ್ಡ ಸೀಗಡಿ, ಏಡಿಯ ಬೆಲೆ ಬೇಯಿಸುವ ಮೊದಲೇ ಕೇಳಿ.

ಕರೆಯುವುದು, ಹಣ ಕೊಡುವುದು

ವಿಯೆಟ್ನಾಮಿನಲ್ಲೂ ನಮ್ಮ ಹಾಗೆ ಅಪರಿಚಿತರನ್ನು ಸಂಬಂಧ ಹಚ್ಚಿಯೇ ಕರೆಯುವುದು. ‘ಚೀ ಓಯ್’ ಎಂದರೆ ಅಕ್ಕಾ, ‘ಆನ್ ಓಯ್’ ಎಂದರೆ ಅಣ್ಣಾ, ಕಿರಿಯರಿಗೆ ‘ಎಮ್ ಓಯ್’. ಹೀಗೆ ಕರೆದರೆ ಅಡುಗೆಯವರ ಮುಖ ಅರಳುತ್ತದೆ. ಲೆಕ್ಕ ಕೇಳಲು ‘ತಿನ್ ತಿಯೆನ್’.

30,000 ಡಾಂಗ್ ಎಂದರೆ ನಮ್ಮ 100 ರೂಪಾಯಿ ಆಸುಪಾಸು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಸಾಕು. 20,000 ಮತ್ತು 5,00,000ದ ನೋಟು ಎರಡೂ ನೀಲಿ, ಮಬ್ಬು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಒಂದೇ ಸಲಕ್ಕೆ ಸಾವಿರದ ಆರುನೂರು ರೂಪಾಯಿ ಹೋಗುತ್ತದೆ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ. ಎಲ್ಲರೂ ಕ್ಯುಆರ್ ತೋರಿಸುತ್ತಾರೆ, ಅದು ಅಲ್ಲಿನ ಬ್ಯಾಂಕ್ ಖಾತೆಯವರಿಗೆ, ನೀವು ನಗದು ಒಯ್ಯಿರಿ. ಮೇಜಿನ ಮೇಲಿಟ್ಟ ಒದ್ದೆ ಕೈವಸ್ತ್ರದ ಪೊಟ್ಟಣ ಪುಕ್ಕಟೆಯಲ್ಲ, ಹರಿದರೆ ಲೆಕ್ಕಕ್ಕೆ ಸೇರುತ್ತದೆ.

ಹೊಟ್ಟೆಯ ಮಾತು

ನಿಮ್ಮ ಕಣ್ಣೆದುರು ಬೇಯಿಸಿದ್ದು, ಜನ ತುಂಬಿದ ಅಂಗಡಿಯದು, ಬಿಸಿ ಇರುವಾಗಲೇ ತಿಂದದ್ದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯದು, ಪುಡಿ ಮಾಡಿದ ಗಡ್ಡೆ ಐಸಿನ ಮೇಲೆ ಅಷ್ಟು ನಂಬಿಕೆ ಬೇಡ. ಹಸಿ ರಕ್ತದ ‘ತಿಯೆತ್ ಕಾನ್’ ಎಂಬ ತಿನಿಸನ್ನು ಯಾರೇ ಒತ್ತಾಯಿಸಿದರೂ ಮುಟ್ಟಬೇಡಿ. ಹೊಟ್ಟೆ ಸೂಕ್ಷ್ಮ ಇರುವವರು ಮೊದಲ ದಿನ ಹಸಿ ಸೊಪ್ಪು ಮಿತಿಯಲ್ಲಿ ತಿನ್ನಿ. ಊರಿನಿಂದಲೇ ನಾಲ್ಕು ಓಆರ್‌ಎಸ್ ಪೊಟ್ಟಣ ಒಯ್ದಿರಿ.

ರಾತ್ರಿ ಹಿಂದಿರುಗಿ ಇಳಿಯುವಾಗ ಗೈಡ್ ಕೈಯಲ್ಲಿ ತಿಂದ ಅಂಗಡಿಗಳ ಹೆಸರು, ಓರೆಗೆರೆ ಸಮೇತ ವಿಳಾಸ, ತಿಂಡಿಯ ಹೆಸರು, ತೆರೆಯುವ ಹೊತ್ತು ಬರೆಸಿಕೊಳ್ಳಿ. ನಾಳೆ ಬೆಳಗ್ಗೆ ಬಟ್ಟೆಯ ಸೋಸುಚೀಲದಲ್ಲಿ ಕಾಫಿ ಇಳಿಸುವ ‘ಕಾಫೆ ವತ್’ ಎಲ್ಲಿ ಸಿಗುತ್ತದೆ ಎಂದೂ ಅದರಲ್ಲೇ ಸೇರಿಸಿ ಕೇಳಿ, ಚೋ ಲನ್‌ನಲ್ಲಿ, ಫು ನ್ಯೂಆನ್‌ನಲ್ಲಿ ಅಂಥ ಹಳೆಯ ಅಂಗಡಿಗಳಿವೆ. ರೊಬಸ್ಟಾ ಕಾಫಿ, ಡಬ್ಬಿಯ ಸಿಹಿ ಗಟ್ಟಿ ಹಾಲು (ಕಂಡೆನ್ಸ್ಡ್ ಮಿಲ್ಕ್), ಐಸ್. ಸಿಹಿ ಕಡಿಮೆ ಬೇಕಿದ್ದರೆ ‘ಇತ್ ಸೂವಾ’ ಎನ್ನಿ, ಹಾಲು ಅರ್ಧಕ್ಕೆ ಇಳಿಯುತ್ತದೆ.